ಇಸ್ತಾಂಬುಲ್ ಒಲಿಯುವುದು ಫೆರಿಯಲ್ಲಿ ಕೂತಾಗ

ಇಸ್ತಾಂಬುಲ್ ನೋಡಿ ಬಂದವರಲ್ಲಿ ಎರಡು ಬಗೆ. ಆಯಾ ಸೋಫಿಯಾ, ನೀಲಿ ಮಸೀದಿ, ತೋಪ್‌ಕಾಪಿ ಅರಮನೆ, ಗ್ರ್ಯಾಂಡ್ ಬಜಾರ್ ಎಲ್ಲವನ್ನೂ ಎರಡು-ಮೂರು ದಿನದಲ್ಲಿ ಮುಗಿಸಿ, ಕಾಲುನೋವು, ನೂಕುನುಗ್ಗಲು, ಬೆನ್ನು ಬಿಡದ ಕಾರ್ಪೆಟ್ ವ್ಯಾಪಾರಿಗಳು ಎಂದು ಗೊಣಗುತ್ತ ವಿಮಾನ ಹತ್ತುವವರು ಒಂದು ಬಗೆ. ಇನ್ನೊಂದು ಬಗೆಯವರು ರಜೆ ಸಿಕ್ಕಾಗಲೆಲ್ಲ ಅಲ್ಲಿಗೇ ಹೋಗುತ್ತಾರೆ. ಇವರನ್ನು ಮಾತಿಗೆಳೆದರೆ ಗುಮ್ಮಟಗಳಿಗಿಂತ ಮೊದಲು ಫೆರಿಯ ಸುದ್ದಿ ಬರುತ್ತದೆ. ಊರು ಒಂದೇ; ಅದನ್ನು ಯಾವ ತುದಿಯಿಂದ ಹಿಡಿದುಕೊಂಡರು ಎಂಬುದಷ್ಟೇ ಬೇರೆ. ಒಂದೂವರೆ ಸಾವಿರ ವರ್ಷ ಬೈಜಾಂಟಿಯಂ, ಆಟೊಮನ್ ಎಂಬ ಎರಡು ಸಾಮ್ರಾಜ್ಯಗಳ ರಾಜಧಾನಿಯಾಗಿದ್ದ ಈ ಊರಿನ ನಡುಬೀದಿ ಎಂದರೆ ನೀರು. ಹಾಗಾಗಿ ನೀರಿನಿಂದಲೇ ಶುರು ಮಾಡಬೇಕು.

ಮೊದಲ ನಿರ್ಧಾರ ಉಳಿಯುವ ಜಾಗದ್ದು. ಹೆಚ್ಚಿನವರು ಯೂರೋಪ್ ದಡದ ಹಳೆಯ ಊರಿನ ಸುಲ್ತಾನಹ್ಮೆತ್‌ನಲ್ಲಿ ಕೋಣೆ ಹಿಡಿಯುತ್ತಾರೆ, ಏಕೆಂದರೆ ನೋಡಬೇಕಾದ್ದೆಲ್ಲ ಅಲ್ಲಿ ನಡೆದು ಹೋಗುವಷ್ಟು ದೂರದಲ್ಲಿದೆ. ಆದರೆ ಅಲ್ಲಿ ವಾಸ ಮಾಡುವ ಜನ ಕಡಿಮೆ. ಸಂಜೆಯಾದರೆ ಹೋಟೆಲಿನ ಮುಂದೆ ಮೆನು ಹಿಡಿದು ನಿಂತು ಕರೆಯುವವರು, ನಾಲ್ಕು ಭಾಷೆಯ ಬೋರ್ಡುಗಳು, ದುಬಾರಿ ಬಿಲ್ಲು. ಏಷ್ಯಾ ದಡದ ಕಾದಿಕೊಯ್ ಅಥವಾ ಉಸ್ಕುದಾರ್‌ನಲ್ಲಿ ಉಳಿದರೆ ಪ್ರತಿದಿನ ಸಮುದ್ರ ದಾಟಿಯೇ ಹಳೆಯ ಊರಿಗೆ ಬರಬೇಕು. ಈ 'ಬರಬೇಕು' ಎನ್ನುವ ಕಟ್ಟುಪಾಡೇ ಮುಂದಿನ ಕೆಲಸವನ್ನೆಲ್ಲ ಮಾಡುತ್ತದೆ. ಪ್ರವಾಸಿಗಳಿಗಾಗಿ ಇಟ್ಟ ದೋಣಿ ಇದಲ್ಲ. ಕಚೇರಿಗೆ ಹೋಗುವವರು, ಶಾಲೆ ಮಕ್ಕಳು, ತರಕಾರಿ ಚೀಲದ ಅಜ್ಜಿಯರು ಹತ್ತುವ ದೋಣಿ. ಅವರ ಪಕ್ಕದಲ್ಲಿ ಕೂತು ಚಹಾ ಹೀರುವುದು ರೂಢಿಯಾದ ಮೇಲೆ ಊರು ತನ್ನ ಪಾಡಿಗೆ ತಾನು ಹತ್ತಿರವಾಗುತ್ತದೆ.

ಇಳಿದ ಕೂಡಲೇ ಕೊಳ್ಳಬೇಕಾದ್ದು 'ಇಸ್ತಾಂಬುಲ್‌ಕಾರ್ಟ್' ಎಂಬ ಕಾರ್ಡ್. ಮೆಟ್ರೊ, ಟ್ರಾಮ್, ಬಸ್, ಫೆರಿ, ಗುಡ್ಡ ಹತ್ತಿಸುವ ಫ್ಯೂನಿಕ್ಯುಲರ್, ಎಲ್ಲಕ್ಕೂ ಇದೊಂದೇ. ನಿಲ್ದಾಣಗಳ ಯಂತ್ರಗಳಲ್ಲಿ ಸಿಗುತ್ತದೆ. ಕೆಲವು ಯಂತ್ರಗಳು ಚಿಲ್ಲರೆ ಕೊಡುವುದಿಲ್ಲ, ಹಾಕಿದ ನೋಟಿನ ಪೂರ್ತಿ ಮೊತ್ತವನ್ನು ಕಾರ್ಡಿಗೇ ತುಂಬಿಬಿಡುತ್ತವೆ. ಆದ್ದರಿಂದ ಸಣ್ಣ ನೋಟು ಕೈಯಲ್ಲಿರಲಿ. ಒಂದು ವಾಹನಕ್ಕೆ ಕಾರ್ಡು ಒತ್ತಿದ ಎರಡು ಗಂಟೆಯೊಳಗೆ ಇನ್ನೊಂದನ್ನು ಹತ್ತಿದರೆ ಎರಡನೆಯದಕ್ಕೆ ದರ ಇಳಿಯುತ್ತದೆ. ಜೊತೆಯಲ್ಲಿ ಬಂದವರಿಗೆಲ್ಲ ಒಂದೇ ಕಾರ್ಡು ಒತ್ತುತ್ತ ಹೋದರೆ ಈ ಲೆಕ್ಕ ಕೆಡುತ್ತದೆ, ಆಳಿಗೊಂದು ಕಾರ್ಡಿರುವುದು ಒಳ್ಳೆಯದು. ದರಗಳನ್ನು ಇಲ್ಲಿ ಬರೆದು ಉಪಯೋಗವಿಲ್ಲ. ಲಿರಾದ ಬೆಲೆ ಕುಸಿಯುತ್ತ ಬಂದಿರುವುದರಿಂದ ಕಳೆದ ವರ್ಷದ ಬರಹದಲ್ಲಿನ ಅಂಕಿಗಳು ಈ ವರ್ಷಕ್ಕೆ ಹೊಂದುವುದಿಲ್ಲ.

ಮರ್ಮರಾಯ್ ರೈಲಿನಲ್ಲಿ ಹೊಸಬರು ದುಡ್ಡು ಕಳೆದುಕೊಳ್ಳುವ ಒಂದು ಸಂಗತಿ ಇದೆ. ಬಾಸ್ಫರಸ್ ಜಲಸಂಧಿಯ ತಳದಲ್ಲಿ ಹಾದುಹೋಗುವ ಈ ರೈಲು 2013ರ ಅಕ್ಟೋಬರ್ 29ರಂದು ಆರಂಭವಾಯಿತು. ಇದರ ದರ ದೂರಕ್ಕೆ ತಕ್ಕಂತೆ. ಒಳಹೋಗುವಾಗ ಯಂತ್ರ ಅತ್ಯಂತ ಉದ್ದದ ಪ್ರಯಾಣದ ಹಣವನ್ನು ಕಡಿದುಕೊಳ್ಳುತ್ತದೆ. ಇಳಿದ ನಿಲ್ದಾಣದಲ್ಲಿ 'ಇಯಾದೆ' ಎಂದು ಬರೆದ ಯಂತ್ರಕ್ಕೆ ಕಾರ್ಡು ತೋರಿಸಿದರೆ ಉಳಿದದ್ದು ವಾಪಸ್. ಸಿರ್ಕೆಜಿಯಿಂದ ಉಸ್ಕುದಾರ್‌ಗೆ ಒಂದೇ ನಿಲ್ದಾಣ, ನಾಲ್ಕೇ ನಿಮಿಷ, ಆದರೆ ಆ ಯಂತ್ರವನ್ನು ಗಮನಿಸದೆ ಹೊರಬಂದವರು ಊರಿನ ಈ ತುದಿಯಿಂದ ಆ ತುದಿಗೆ ಹೋದಷ್ಟು ತೆತ್ತಿರುತ್ತಾರೆ. ಅಂದಹಾಗೆ, ಈ ರೈಲಿನ ಕಾಮಗಾರಿ ವರ್ಷಗಟ್ಟಲೆ ತಡವಾದದ್ದಕ್ಕೆ ಒಂದು ಚೆಂದದ ಕಾರಣವಿದೆ. ಯೆನಿಕಾಪಿಯಲ್ಲಿ ಅಗೆಯುವಾಗ ಬೈಜಾಂಟಿಯಂ ಕಾಲದ ಬಂದರು ಸಿಕ್ಕಿತು, ಹೂತುಹೋದ 37 ಹಡಗುಗಳ ಸಮೇತ.

ಈಗ ಫೆರಿ. ಅಲ್ಲಿಯವರು 'ವಾಪುರ್' ಎನ್ನುತ್ತಾರೆ. ಹಳೆಯ ಊರಿನ ಎಮಿನೊನು ದಡದಲ್ಲಿ ಒಂದೇ ಹಡಗುಕಟ್ಟೆ ಇರುತ್ತದೆಂದು ಭಾವಿಸುವುದೇ ಮೊದಲ ಎಡವಟ್ಟು. ಕಾದಿಕೊಯ್‌ಗೆ ಒಂದು, ಉಸ್ಕುದಾರ್‌ಗೆ ಇನ್ನೊಂದು, ಬಾಸ್ಫರಸ್ ಉದ್ದಕ್ಕೆ ಹೋಗುವುದಕ್ಕೆ ಮತ್ತೊಂದು. ಕಟ್ಟೆಯ ನೆತ್ತಿಯ ಮೇಲೆ ಹೋಗುವ ಊರಿನ ಹೆಸರು ದೊಡ್ಡದಾಗಿ ಬರೆದಿರುತ್ತದೆ, ಅದನ್ನೇ ನೋಡಬೇಕು. ನಡುವೆ 'ಬಾಸ್ಫರಸ್, ಬಾಸ್ಫರಸ್' ಎಂದು ಕೂಗಿ ತೋಳು ಹಿಡಿಯುವವರು ಖಾಸಗಿ ವಿಹಾರದ ದೋಣಿಗಳವರು. ಅವು ಮೋಸವೇನಲ್ಲ, ಆದರೆ ನಮಗೆ ಬೇಕಾದ್ದು ಅವಲ್ಲ. ನಗರದ ಫೆರಿಗಳನ್ನು ನಡೆಸುವ ಸಂಸ್ಥೆ 'ಶೆಹಿರ್ ಹಟ್ಲರಿ'. ಕಾರ್ಡು ಒತ್ತಿ ಒಳಹೋದರೆ ಕಾಯುವ ಕೋಣೆ. ಫೆರಿ ಬಂದು ಜನ ಇಳಿದಾದ ಮೇಲೆ ಬಾಗಿಲು ತೆರೆಯುತ್ತದೆ, ಹೊರಡುವ ಹೊತ್ತಿಗೆ ಮುಚ್ಚುತ್ತದೆ. ಮುಚ್ಚಿದ ಬಾಗಿಲನ್ನು ಯಾರಿಗೂ ಮತ್ತೆ ತೆರೆಯುವುದಿಲ್ಲ. ಓಡಿಬರುವ ಅಗತ್ಯವೂ ಇಲ್ಲ, ಹಗಲು ಹೊತ್ತಿನಲ್ಲಿ ಸ್ವಲ್ಪ ಕಾದರೆ ಇನ್ನೊಂದು ಬರುತ್ತದೆ.

ಎಲ್ಲಿ ಕೂರಬೇಕೆಂಬುದು ಚಿಕ್ಕ ವಿಷಯದಂತೆ ಕಾಣುತ್ತದೆ, ಆದರೆ ಇಡೀ ಪ್ರಯಾಣದ ಸಾರ ಅದರಲ್ಲೇ ಇದೆ. ಕಾದಿಕೊಯ್‌ನಿಂದ ಎಮಿನೊನುಗೆ ಬರುವಾಗ ಎಡಬದಿಯ ಹೊರಬೆಂಚು ಹಿಡಿಯಿರಿ. ಹೊರಟ ಕೂಡಲೇ ಬಲಕ್ಕೆ ಹೈದರ್‌ಪಾಶಾ ರೈಲು ನಿಲ್ದಾಣದ ಕಲ್ಲಿನ ಕಟ್ಟಡ, ಅಲೆತಡೆಯ ಮೇಲೆ ಸಾಲುಗಟ್ಟಿ ಕೂತ ನೀರುಕಾಗೆಗಳು ದಾಟಿಹೋಗುತ್ತವೆ. ಆಮೇಲೆ ಎಡಕ್ಕೆ ನೀಲಿ ಮಸೀದಿಯ ಆರು ಮಿನಾರುಗಳು, ಆಯಾ ಸೋಫಿಯಾ, ಮರಗಳ ನಡುವೆ ತೋಪ್‌ಕಾಪಿ ಒಂದರ ಪಕ್ಕ ಒಂದು ಬಂದು ನಿಲ್ಲುತ್ತವೆ. ಸುಮಾರು ಇಪ್ಪತ್ತು ನಿಮಿಷದ ದಾರಿ. ಬೆಳಗ್ಗೆ ಬಂದರೆ ಸೂರ್ಯ ಬೆನ್ನಿಗಿರುತ್ತಾನೆ, ಎದುರಿನ ಕಲ್ಲು, ಸೀಸದ ಗುಮ್ಮಟ ಎಲ್ಲ ನಿಚ್ಚಳ. ಇದೇ ದಾರಿಯನ್ನು ಮುಳುಗುಹೊತ್ತಿನಲ್ಲಿ ಹಿಡಿದರೆ ಸೂರ್ಯ ಆ ಗುಮ್ಮಟಗಳ ಹಿಂದೆ ಇಳಿಯುತ್ತಿರುತ್ತಾನೆ, ಬರೀ ಕಪ್ಪು ಅಂಚು ಉಳಿಯುತ್ತದೆ. ಎರಡನ್ನೂ ನೋಡದೆ ಇದು ಸುಂದರ ಊರೋ ಅಲ್ಲವೋ ಎಂದು ತೀರ್ಪು ಕೊಡುವುದು ಅವಸರವಾದೀತು. ಎಮಿನೊನುವಿನಿಂದ ಹಿಂತಿರುಗುವಾಗ ಬಲಬದಿ ಎಂಬುದು ನೆನಪಿರಲಿ.

ಚಹಾ ಮಾರುವವ ತಟ್ಟೆ ಹಿಡಿದು ಸುತ್ತುತ್ತಾನೆ. ನಡು ಸಣ್ಣಗಿರುವ ಗಾಜಿನ ಲೋಟ, ಹಾಲಿಲ್ಲದ ಕೆಂಪು ಚಹಾ, ಬದಿಯಲ್ಲಿ ಸಕ್ಕರೆ ತುಂಡು. ಲೋಟವನ್ನು ಅಂಚಿನಲ್ಲಿ ಹಿಡಿಯಬೇಕು, ನಡುವಿನಲ್ಲಿ ಹಿಡಿದರೆ ಬೆರಳು ಸುಡುತ್ತದೆ. ತೆಳ್ಳಗೆ ಬೇಕಿದ್ದರೆ 'ಆಚಿಕ್', ಕಡಕ್ ಬೇಕಿದ್ದರೆ 'ದೆಮ್ಲಿ' ಎನ್ನಿ. ಎಳ್ಳು ಹಚ್ಚಿದ 'ಸಿಮಿತ್' ಎಂಬ ಬಳೆಯಾಕಾರದ ಬ್ರೆಡ್ಡನ್ನು ಹತ್ತುವ ಮೊದಲೇ ಗಾಡಿಯಲ್ಲಿ ಕೊಂಡಿಟ್ಟುಕೊಳ್ಳುವುದು ರೂಢಿ. ಅದರ ತುಣುಕನ್ನು ಗಾಳಿಗೆಸೆದರೆ ಕಡಲಕ್ಕಿಗಳು ಹಾರುತ್ತಲೇ ಕಚ್ಚಿಕೊಳ್ಳುತ್ತವೆ. ಕೈಯಲ್ಲಿ ಹಿಡಿದು ಚಾಚಿದರೆ ಬೆರಳನ್ನೂ ಕಚ್ಚುತ್ತವೆ.

ನಾಲ್ಕೈದು ಸಲ ದಾಟುವಷ್ಟರಲ್ಲಿ ಕಣ್ಣಿಗೆ ಬೇರೆ ಸಂಗತಿಗಳು ಬೀಳತೊಡಗುತ್ತವೆ. ಜಲಸಂಧಿಯಲ್ಲಿ ಫೆರಿ ನೇರ ಗೆರೆಯಲ್ಲಿ ದಾಟುವುದಿಲ್ಲ, ಓರೆಯಾಗಿ ಸಾಗುತ್ತದೆ. ಕಾರಣ, ಬಾಸ್ಫರಸ್‌ನ ಮೇಲ್ಪದರದ ನೀರು ಕಪ್ಪುಸಮುದ್ರದಿಂದ ಮರ್ಮರಾ ಸಮುದ್ರದ ಕಡೆಗೆ ಹರಿಯುತ್ತದೆ; ಹೆಚ್ಚು ಉಪ್ಪಿನ, ಭಾರದ ನೀರು ತಳದಲ್ಲಿ ಎದುರು ದಿಕ್ಕಿಗೆ ಹೋಗುತ್ತದೆ. ಸುಮಾರು 30 ಕಿ.ಮೀ. ಉದ್ದದ ಈ ಜಲಸಂಧಿ ಅತಿ ಕಿರಿದಾದಲ್ಲಿ 700 ಮೀಟರ್ ಅಗಲವಷ್ಟೇ. ಅಲ್ಲೇ ಆಟೊಮನ್ ಸುಲ್ತಾನ ಎರಡನೆಯ ಮೆಹ್ಮೆದ್ 1452ರಲ್ಲಿ, ಕೆಲವೇ ತಿಂಗಳಲ್ಲಿ, ರುಮೆಲಿ ಹಿಸಾರ್ ಕೋಟೆ ಕಟ್ಟಿಸಿದ. ಮರುವರ್ಷ ಮೇ 29ಕ್ಕೆ ನಗರ ಅವನ ಕೈಸೇರಿತು. ಇಷ್ಟು ಇಕ್ಕಟ್ಟಿನ, ಅಂಕುಡೊಂಕಿನ ನೀರಿನಲ್ಲಿ ಬೃಹತ್ ತೈಲ ಹಡಗುಗಳೂ ಹೋಗುತ್ತವೆ. 1936ರ ಮೊಂಟ್ರೋ ಒಪ್ಪಂದದ ಪ್ರಕಾರ ಶಾಂತಿಕಾಲದಲ್ಲಿ ವ್ಯಾಪಾರಿ ಹಡಗುಗಳಿಗೆ ಇಲ್ಲಿ ಮುಕ್ತ ದಾರಿ. ಫೆರಿಯ ಕಪ್ತಾನ ಅವುಗಳ ಹಿಂದೆ ಮುಂದೆ ನುಸುಳುವುದನ್ನು ನೋಡುತ್ತ ಕೂತರೆ ಸಮಯ ಹೋದದ್ದು ತಿಳಿಯುವುದಿಲ್ಲ.

ಜಲಸಂಧಿಯನ್ನು ಉದ್ದಕ್ಕೂ ನೋಡಲು ಅದೇ ಸಂಸ್ಥೆಯ ದೀರ್ಘ ಪ್ರಯಾಣವಿದೆ: ಬೆಳಗ್ಗೆ ಎಮಿನೊನುವಿನಿಂದ ಹೊರಟು ಕಪ್ಪುಸಮುದ್ರದ ಬಾಯಿಯ ಅನಾದೊಲು ಕವಾಕ್ ಎಂಬ ಹಳ್ಳಿಗೆ. ಹೋಗುವಾಗ ಎಡಕ್ಕೆ ಯೂರೋಪು, ಬಲಕ್ಕೆ ಏಷ್ಯಾ. ತಲೆಯ ಮೇಲೆ 1973, 1988ರ ಎರಡು ಸೇತುವೆಗಳು ಒಂದಾದಮೇಲೊಂದು ಹಾದುಹೋಗುತ್ತವೆ. ಹಳ್ಳಿಯಲ್ಲಿ ಕೆಲವು ಗಂಟೆ ನಿಲ್ಲುತ್ತದೆ. ಇಳಿದ ಕೂಡಲೇ ಊಟಕ್ಕೆ ಕೂರದೆ ಯೊರೊಸ್ ಕೋಟೆಯ ಗುಡ್ಡ ಹತ್ತಿದರೆ ಜಲಸಂಧಿ ಕಪ್ಪುಸಮುದ್ರವನ್ನು ಕೂಡುವ ಜಾಗ ಕಾಣುತ್ತದೆ. ಊಟವನ್ನು ಮೊದಲು ಮುಗಿಸಿದವರು ಸಾಮಾನ್ಯವಾಗಿ ಗುಡ್ಡ ಹತ್ತುವುದಿಲ್ಲ. ಏಪ್ರಿಲ್ ಕೊನೆಗೆ ಹೋದರೆ ದಡದ ಗುಡ್ಡಗಳ ತುಂಬ ಎರ್ಗುವಾನ್ ಮರಗಳು ನೇರಳೆ ಮಿಶ್ರಿತ ಗುಲಾಬಿ ಬಣ್ಣಕ್ಕೆ ತಿರುಗಿರುತ್ತವೆ. ವರ್ಷದಲ್ಲಿ ಒಂದೇ ಸಲ ಹೋಗಲು ಸಾಧ್ಯವಿರುವವರಿಗೆ ನಮ್ಮ ಸಲಹೆ ಆ ಎರಡು-ಮೂರು ವಾರ.

ಹಳೆಯ ಊರಿಗೆ ಕಾಲಿಡುವಾಗಲೂ ಆಯಾ ಸೋಫಿಯಾದಿಂದ ಶುರು ಮಾಡಬೇಡಿ. ಎಮಿನೊನುವಿನಲ್ಲಿ ಇಳಿದು ಮಸಾಲೆ ಮಾರುಕಟ್ಟೆಯ ಪಕ್ಕದ ಗಲ್ಲಿಯಲ್ಲಿ ರುಸ್ತೆಮ್ ಪಾಶಾ ಮಸೀದಿ ಹುಡುಕಿ. ಹುಡುಕಿಯೇ ಕಾಣಬೇಕು, ಏಕೆಂದರೆ ಅದು ಅಂಗಡಿಗಳ ಮಾಳಿಗೆಯ ಮೇಲಿದೆ, ಮೆಟ್ಟಿಲು ಸಣ್ಣ ಬಾಗಿಲಿನ ಹಿಂದೆ. ಒಳಗೆ ನೆಲದಿಂದ ಮೇಲಕ್ಕೆ ಇಜ್ನಿಕ್ ಊರಿನ ಬಣ್ಣದ ಟೈಲುಗಳು. ಅವುಗಳ ಕೆಂಪು ಮುಟ್ಟಿದರೆ ಕೈಗೆ ತಾಗುವಷ್ಟು ಉಬ್ಬಿಕೊಂಡಿರುತ್ತದೆ. ಅಲ್ಲಿಂದ ಸಗಟು ಅಂಗಡಿಗಳ ಏರುಬೀದಿಗಳಲ್ಲಿ, ಬೆನ್ನ ಮೇಲೆ ಮೂಟೆ ಹೊತ್ತ ಹಮಾಲರಿಗೆ ದಾರಿ ಬಿಡುತ್ತ, ಸುಲೇಮಾನಿಯೆ ಮಸೀದಿಗೆ ಹತ್ತಿ. ಎರಡೂ ಆಟೊಮನ್ ವಾಸ್ತುಶಿಲ್ಪಿ ಸಿನಾನ್‌ನ ಕೆಲಸ. ಸುಲೇಮಾನಿಯೆ 1550ರಿಂದ 1557ರವರೆಗೆ ಕಟ್ಟಿದ್ದು. ಅದರ ಹಿಂದಿನ ಜಗುಲಿಯಿಂದ ಗೋಲ್ಡನ್ ಹಾರ್ನ್ ಕೊಲ್ಲಿ, ಗಲಾಟಾ ಗೋಪುರ, ಈಗಷ್ಟೇ ನೀವು ಇಳಿದ ಫೆರಿ ಕಟ್ಟೆ ಒಟ್ಟಿಗೇ ಕಾಣುತ್ತವೆ. ಇಡೀ ಊರಿನ ನಕ್ಷೆ ತಲೆಯಲ್ಲಿ ಕೂರುವುದು ಈ ಜಾಗದಲ್ಲಿ. ಸಿನಾನ್ ತಾನು ಮಲಗಿರುವುದು ಅದೇ ಆವರಣದ ಮೂಲೆಯ ಸಣ್ಣ ಗೋರಿಯಲ್ಲಿ. ಊರಿನ ಆಕಾಶರೇಖೆಯನ್ನು ಬರೆದವನಿಗೆ ಬೀದಿ ತಿರುವಿನಷ್ಟು ಜಾಗ.

ಆಯಾ ಸೋಫಿಯಾವನ್ನು ಇದಾದ ಮೇಲೆ ನೋಡಿದರೆ ಅದರ ತೂಕ ತಿಳಿಯುತ್ತದೆ. 532ರಿಂದ 537ರ ನಡುವೆ, ಐದೇ ವರ್ಷದಲ್ಲಿ, ಸುಮಾರು 31 ಮೀಟರ್ ವ್ಯಾಸದ ಗುಮ್ಮಟ ಎತ್ತಿ ನಿಲ್ಲಿಸಿದ್ದರು. ಸಾವಿರ ವರ್ಷದ ನಂತರ ಸಿನಾನ್ ಎದುರಿಸಿದ ಸವಾಲು ಇದೇ ಗುಮ್ಮಟ. ಚರ್ಚಾಗಿ ಕಟ್ಟಿ, ಮಸೀದಿಯಾಗಿ, ಆಮೇಲೆ ಮ್ಯೂಸಿಯಂ ಆಗಿದ್ದ ಅದು 2020ರಲ್ಲಿ ಮತ್ತೆ ಮಸೀದಿಯಾಯಿತು, 2024ರ ಜನವರಿಯಿಂದ ವಿದೇಶಿ ಪ್ರವಾಸಿಗಳಿಗೆ ಬೇರೆ ಬಾಗಿಲು, ಯೂರೋ ಲೆಕ್ಕದ ಟಿಕೆಟ್, ಪ್ರವೇಶ ಮೇಲಿನ ಮೊಗಸಾಲೆಗೆ ಮಾತ್ರ. ಬೇಸರ ಬೇಡ, ಮೊಸಾಯಿಕ್‌ಗಳು ಅಲ್ಲೇ ಇವೆ. ಮೊಗಸಾಲೆಯ ಅಮೃತಶಿಲೆಯ ಕಟಾಂಜನದಲ್ಲಿ ವೈಕಿಂಗ್ ಸೈನಿಕನೊಬ್ಬ ತನ್ನ ಹೆಸರು ಕೆತ್ತಿಟ್ಟಿದ್ದಾನೆ. ಹಾಫ್ದಾನ್ ಎಂಬಷ್ಟು ಮಾತ್ರ ಓದಲಾಗುತ್ತದೆ. ಪ್ರವಾಸಿ ಸ್ಥಳಗಳಲ್ಲಿ ಹೆಸರು ಕೊರೆಯುವ ಚಟ ಎಷ್ಟು ಹಳತು ನೋಡಿ.

ವಾರದ ಲೆಕ್ಕ ತಪ್ಪಿದರೆ ದಿನವೇ ಕೆಡುತ್ತದೆ. ತೋಪ್‌ಕಾಪಿಗೆ ಮಂಗಳವಾರ ರಜೆ, ದೊಲ್ಮಾಬಾಹ್ಚೆ ಅರಮನೆಗೆ ಸೋಮವಾರ, ಗ್ರ್ಯಾಂಡ್ ಬಜಾರ್‌ಗೆ ಭಾನುವಾರ. ಶುಕ್ರವಾರ ಮಧ್ಯಾಹ್ನ ದೊಡ್ಡ ಮಸೀದಿಗಳ ಕಡೆ ಹೋಗಬೇಡಿ, ಆ ಹೊತ್ತನ್ನು ಫೆರಿಗೆ ಕೊಡಿ. ಮಸೀದಿಗೆ ಹೋಗುವ ದಿನ ಹೆಂಗಸರ ಚೀಲದಲ್ಲಿ ಒಂದು ದುಪಟ್ಟಾ, ಎಲ್ಲರಿಗೂ ಮೊಣಕಾಲು ಮುಚ್ಚುವ ಬಟ್ಟೆ, ತೂತಿಲ್ಲದ ಕಾಲುಚೀಲ. ಬೂಟು ಬಿಚ್ಚಿ ಹಾಕುವುದು ದಿನಕ್ಕೆ ಐದಾರು ಸಲ ಆಗುವುದರಿಂದ ಲೇಸಿನ ಗಂಟು ಬಿಚ್ಚಲೇಬೇಕಾದ ಬೂಟು ಬೇಡ. ಆದರೆ ಅಟ್ಟೆ ಗಟ್ಟಿಯಿರಲಿ. ಮೊಬೈಲ್ ನಕ್ಷೆಯಲ್ಲಿ 300 ಮೀಟರ್ ಎಂದು ಕಾಣುವ ದಾರಿ ನಿಜದಲ್ಲಿ ಕಡಿದಾದ ಮೆಟ್ಟಿಲುಸಾಲಾಗಿರಬಹುದು, ಮಳೆ ಬಿದ್ದ ಕಲ್ಲುಹಾಸು ಜಾರುತ್ತದೆ. ಗಲಾಟಾ ಗುಡ್ಡವನ್ನಾದರೂ ಕರಕೊಯ್‌ನಿಂದ 'ತ್ಯುನೆಲ್' ಹಿಡಿದು ಹತ್ತಿಬಿಡಿ. 1875ರಿಂದ ಓಡುತ್ತಿರುವ ಈ ಸುರಂಗ ರೈಲು ಲಂಡನ್ನಿನದರ ನಂತರ ಜಗತ್ತಿನಲ್ಲೇ ಹಳೆಯದು. ಎರಡೇ ನಿಲ್ದಾಣ.

ಪ್ರವಾಸಿಗಳ ಗುಂಪು ತೆಳುವಾಗುವ ದಾರಿಯೊಂದು ಬೇಕಿದ್ದರೆ ಎದಿರ್ನೆಕಾಪಿಯಿಂದ ಕೆಳಗಿಳಿಯುವುದು. ಐದನೆಯ ಶತಮಾನದಲ್ಲಿ ಚಕ್ರವರ್ತಿ ಎರಡನೆಯ ಥಿಯೊಡೋಸಿಯಸ್ ಕಾಲದಲ್ಲಿ ಎದ್ದ ಕೋಟೆಗೋಡೆ ಇಲ್ಲಿ ಹಾದುಹೋಗುತ್ತದೆ: ಕಂದಕ, ಹೊರಗೋಡೆ, ಅದಕ್ಕಿಂತ ಎತ್ತರದ ಒಳಗೋಡೆ. ಗೋಡೆಯ ಪಕ್ಕದಲ್ಲೇ ಕಾರಿಯೆ, ಮೊಸಾಯಿಕ್‌ಗಳಿಗೆ ಹೆಸರಾದ ಹಳೆಯ ಚರ್ಚ್. ಅದೂ 2024ರಲ್ಲಿ ಮಸೀದಿಯಾಗಿ ತೆರೆದಿದೆ. ಗೋಡೆಯ ಮೆಟ್ಟಿಲುಗಳಿಗೆ ಹಿಡಿದುಕೊಳ್ಳಲು ಕಂಬಿಯಿಲ್ಲ, ಕತ್ತಲಾದ ಮೇಲೆ ಆ ಕಡೆ ಸುಳಿಯುವುದು ಬೇಡ. ಐವಾನ್‌ಸರಾಯ್‌ಗೆ ಇಳಿದು ಬಲಾತ್, ಫೆನೆರ್ ಕೇರಿಗಳಲ್ಲಿ ಹಾದು ಬಂದರೆ ನೀರಿನ ಅಂಚಿಗೆ ಬಲ್ಗೇರಿಯನ್ನರ ಸೇಂಟ್ ಸ್ಟೀಫನ್ ಚರ್ಚ್. ಇಡೀ ಕಟ್ಟಡ ಕಬ್ಬಿಣದ್ದು. ಭಾಗಗಳನ್ನು ವಿಯೆನ್ನಾದಲ್ಲಿ ಎರಕಹೊಯ್ದು, ಡ್ಯಾನ್ಯೂಬ್ ನದಿ, ಕಪ್ಪುಸಮುದ್ರದ ದಾರಿಯಲ್ಲಿ ತಂದು ಇಲ್ಲಿ ಜೋಡಿಸಿದರು, 1898ರಲ್ಲಿ ತೆರೆಯಿತು. ಮೆಲ್ಲಗೆ ಬಡಿದರೆ ಟಣ್ ಎನ್ನುತ್ತದೆ. ಬಲಾತ್‌ನ ಬಣ್ಣದ ಮನೆಗಳ ಮುಂದೆ ಫೋಟೊ ತೆಗೆಯುವವರ ಸರತಿ ಈಗ ಅತಿಯಾಗಿದೆ. ಒಂದೆರಡು ಬೀದಿ ಮೇಲಕ್ಕೆ ಹತ್ತಿದರೆ ಸಾಕು, ಕಿಟಕಿಯಿಂದ ಕಿಟಕಿಗೆ ಕಟ್ಟಿದ ಹಗ್ಗದಲ್ಲಿ ಒಣಗುವ ಬಟ್ಟೆಗಳಡಿ ಬೆಕ್ಕುಗಳಷ್ಟೇ ಇರುತ್ತವೆ. ವಾಪಸ್ಸಿಗೆ ಕೊಲ್ಲಿಯ ಫೆರಿಯೋ, ದಡದ ಟ್ರಾಮೋ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಹೆದರುವಷ್ಟೇನಿಲ್ಲ, ಆದರೆ ಕೇಳಿ ತಿನ್ನಬೇಕು. 'ಎಸ್ನಾಫ್ ಲೊಕಾಂತಾಸಿ' ಎಂಬ ದುಡಿಯುವವರ ಊಟದ ಮನೆಗಳಲ್ಲಿ ಬೇಯಿಸಿದ್ದೆಲ್ಲ ಎದುರಿಗೇ ಇಟ್ಟಿರುತ್ತಾರೆ, ಬೆರಳು ತೋರಿಸಿದರೆ ಬಡಿಸುತ್ತಾರೆ. 'ಜೆಯ್ತಿನ್ಯಾಲಿ' ಗುಂಪಿನವು ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿಗಳು, ಬಹುಮಟ್ಟಿಗೆ ಮಾಂಸವಿಲ್ಲದವು. ಒಂದೇ ರೀತಿ ಕಾಣುವ ಎರಡು ಬದನೆಕಾಯಿ ಖಾದ್ಯಗಳಲ್ಲಿ ಇಮಾಮ್ ಬಾಯಿಲ್ದಿಯಲ್ಲಿ ಈರುಳ್ಳಿ, ಟೊಮೆಟೊ ಹೂರಣ, ಕಾರ್ನಿಯಾರಿಕ್‌ನಲ್ಲಿ ಕೈಮಾ. ಬೇಳೆ ಸೂಪು, ಅನ್ನ, ಬೇಯಿಸಿದ ಬಿಳಿ ಬೀನ್ಸ್ ಕಾಳು ಮೇಲ್ನೋಟಕ್ಕೆ ಸಸ್ಯಾಹಾರವೇ, ಆದರೆ ಮಾಂಸದ ಅಥವಾ ಕೋಳಿಯ ಸಾರಿನಲ್ಲಿ ಬೇಯಿಸಿರಬಹುದು. 'ಎತ್ ಸುಯು ವಾರ್ ಮಿ?' ಎಂದು ಕೇಳಿದರೆ ಸಾರು ಹಾಕಿದ್ದಾರೋ ಇಲ್ಲವೋ ಹೇಳುತ್ತಾರೆ. 'ಎತ್ಸಿಜ್' ಎಂದರೆ ಮಾಂಸವಿಲ್ಲದ್ದು. ಚಳಿಗಾಲದಲ್ಲಿ 1876ರಿಂದ ನಡೆಯುತ್ತಿರುವ ವೆಫಾದ ಅಂಗಡಿಗೆ ಹೋಗಿ ಬೋಜಾ ಕುಡಿಯಿರಿ. ಸಿರಿಧಾನ್ಯ ಹುದುಗಿಸಿ ಮಾಡುವ ಗಟ್ಟಿ ಪಾನೀಯ, ಮೇಲೆ ದಾಲ್ಚಿನ್ನಿ, ಜೊತೆಗೆ ಹುರಿಗಡಲೆ. ಹುಳಿ ಬಂದ ಅಂಬಲಿ ಕುಡಿದು ಬೆಳೆದ ನಾಲಿಗೆಗೆ ಮೊದಲ ಗುಟುಕಿಗೇ ಪರಿಚಯ ಹತ್ತುತ್ತದೆ.

ಮನಸ್ಸು ಮುರಿಯುವ ಸಂಗತಿಗಳೂ ಇವೆ, ಮತ್ತು ಅವು ಬಹುಪಾಲು ಒಂದೇ ಒಂದು ಚದರ ಕಿಲೋಮೀಟರಿನಲ್ಲಿ, ಒಂದೇ ಕ್ರಮದಲ್ಲಿ ನಡೆಯುತ್ತವೆ. ಮುಂದೆ ಹೋಗುತ್ತಿರುವ ಬೂಟ್ ಪಾಲಿಶ್‌ನವನ ಬ್ರಶ್ಶು ಬೀಳುತ್ತದೆ. ನೀವು ಎತ್ತಿಕೊಡುತ್ತೀರಿ, ಕೃತಜ್ಞತೆಗೆಂದು ಪಾಲಿಶ್ ಮಾಡುತ್ತಾನೆ, ಕೊನೆಗೆ ದೊಡ್ಡ ಮೊತ್ತ ಕೇಳುತ್ತಾನೆ. ತಕ್ಸಿಮ್ ಸುತ್ತ ಸಂಜೆ ಒಂಟಿ ಗಂಡಸರಿಗೆ ನಯವಾಗಿ ಮಾತಾಡಿಸುವ ಗೆಳೆಯನೊಬ್ಬ ಸಿಗುತ್ತಾನೆ, ಬಾರಿಗೆ ಕರೆಯುತ್ತಾನೆ. ಬಿಲ್ಲು ಬಂದಾಗ ಬಾಗಿಲಲ್ಲಿ ದಾಂಡಿಗರು ನಿಂತಿರುತ್ತಾರೆ. ಟ್ಯಾಕ್ಸಿಯಲ್ಲಿ ಮೀಟರ್ ಹಾಕಿದ್ದನ್ನು ನೋಡಿಯೇ ಕೂರಿ, ಮತ್ತು ಸಂಜೆ ಹೊತ್ತು ಟ್ಯಾಕ್ಸಿಯಲ್ಲಿ ಸೇತುವೆ ದಾಟುವ ಯೋಚನೆಯನ್ನೇ ಬಿಡಿ. ರಂಜಾನಿನಲ್ಲಂತೂ ಇಫ್ತಾರಿನ ಮುಂಚಿನ ಗಂಟೆಯಲ್ಲಿ ವಾಹನಗಳು ತೆವಳುತ್ತವೆ. ಟಿ1 ಟ್ರಾಮಿನ ಇಕ್ಕಟ್ಟಿನಲ್ಲಿ ಚೀಲ ಎದೆಗಿರಲಿ.

ಫೆರಿಯನ್ನು ನೆಚ್ಚಿಕೊಂಡವರಿಗೆ ಇರುವ ನಿಜವಾದ ತೊಡಕು ಹವೆ. ನೈಋತ್ಯದಿಂದ ಬೀಸುವ 'ಲೋದೊಸ್' ಜೋರಾದರೆ ಮರ್ಮರಾ ಎದ್ದು ಕುಣಿಯುತ್ತದೆ, ಫೆರಿಗಳು ನಿಲ್ಲುತ್ತವೆ. ದಟ್ಟ ಮಂಜು ಬಿದ್ದರೂ ಅಷ್ಟೇ. ಅಂಥ ದಿನ ಕಟ್ಟೆಯಲ್ಲಿ ಕಾದು ಕೂರದೆ ಮರ್ಮರಾಯ್‌ಗೆ ಇಳಿಯಬೇಕು. ಕಾದಿಕೊಯ್‌ನವರು ಐರಿಲಿಕ್ ಚೆಶ್ಮೆಸಿ ನಿಲ್ದಾಣದಲ್ಲಿ ಎಂ4 ಮೆಟ್ರೊಗೆ ಬದಲಿಸಿಕೊಂಡರೆ ಮನೆ ಮುಟ್ಟಿದಂತೆ. ಗಾಳಿ ತಣ್ಣಗಾದ ಮರುದಿನ ಆಕಾಶ ತೊಳೆದಿಟ್ಟಂತಿರುತ್ತದೆ, ಅಂದು ಬೇರೆ ಯೋಜನೆಯೆಲ್ಲ ಬದಿಗಿಟ್ಟು ಉಸ್ಕುದಾರ್‌ಗೆ ಹೋಗಿ. ದಡಕ್ಕೆ ಅಂಟಿಕೊಂಡಿರುವ ಪುಟ್ಟ ಶೆಮ್ಸಿ ಪಾಶಾ ಮಸೀದಿಯೂ ಸಿನಾನ್‌ನದೇ, ಅವನ ಇಳಿವಯಸ್ಸಿನದು. ಅಲ್ಲಿಂದ ಉತ್ತರಕ್ಕೆ ನಡೆದರೆ ಕುಜ್ಗುಂಜುಕ್, ಚರ್ಚು, ಯಹೂದಿಗಳ ಸಿನಗಾಗು, ಮಸೀದಿ ನೆರೆಹೊರೆಯಾಗಿರುವ ಕೇರಿ, ನಡುವೆ ಊರವರು ಸೊಪ್ಪು ಬೆಳೆಯುವ ತೋಟ. ನೋಡಲೇಬೇಕಾದ್ದು ಅಲ್ಲಿ ಏನೂ ಇಲ್ಲ. ಅಂಥ ಜಾಗದಲ್ಲಿ ಅರ್ಧ ದಿನ ಕಳೆದೂ ನಷ್ಟವಾಯಿತು ಅನ್ನಿಸದಿದ್ದರೆ ಊರು ನಿಮಗೆ ಹಿಡಿಸಿದೆ ಎಂದೇ ಲೆಕ್ಕ.

ಹೊರಡುವ ದಿನ ಟಿಕೆಟ್ಟಿನಲ್ಲಿ ವಿಮಾನ ನಿಲ್ದಾಣದ ಹೆಸರನ್ನು ಎರಡು ಸಲ ನೋಡಿ. ಇಸ್ತಾಂಬುಲ್ ವಿಮಾನ ನಿಲ್ದಾಣ ಯೂರೋಪಿನಲ್ಲಿದೆ, ಸಬಿಹಾ ಗೊಕ್ಚೆನ್ ಏಷ್ಯಾದಲ್ಲಿ. ಎರಡನೆಯದಕ್ಕೆ ಕಾದಿಕೊಯ್‌ನಿಂದ ಎಂ4 ಮೆಟ್ರೊ ನೇರ ಹೋಗುತ್ತದೆ. ಮೊದಲನೆಯದಕ್ಕೆ ಬಸ್ಸು ಸೇತುವೆ ದಾಟಬೇಕು, ಆ ಸೇತುವೆಯನ್ನು ನಂಬಿ ಕೂರುವ ಹಾಗಿಲ್ಲ. ಮರ್ಮರಾಯ್‌ನಲ್ಲಿ ಯೆನಿಕಾಪಿಗೆ ಬಂದು, ಎಂ2ರಲ್ಲಿ ಗಾಯ್ರೆತ್ತೆಪೆಗೆ ಹೋಗಿ, ಅಲ್ಲಿ ಎಂ11 ಹಿಡಿದರೆ ಸೂಟ್‌ಕೇಸು ಎಳೆಯುವ ಕಷ್ಟವಿದೆ, ಆದರೆ ಟ್ರಾಫಿಕ್ಕಿನ ಹಂಗಿಲ್ಲ. ಯೆನಿಕಾಪಿಯಲ್ಲಿ ಇಳಿದಾಗ 'ಇಯಾದೆ' ಯಂತ್ರಕ್ಕೆ ಕಾರ್ಡು ತೋರಿಸಲು ಮರೆಯದಿರಿ.